ಬರೆಯದೇ ಉಳಿದ ಹಾಳೆಗಳು
ಶಾಲೆ ತೆರೆಯುವ ಮುನ್ನ ಮಕ್ಕಳ ಹಳೆಯ ನೋಟ್‌ಪುಸ್ತಕಗಳನ್ನೊಮ್ಮೆ ತಿರುವಿ ನೋಡಿ. ಬರೆಯದ ಹಾಳೆಗಳು ಎಷ್ಟೊಂದು!

ಕಾಗದದ ತಿರುಳಿಗೆ ಬೇಕಾದ ನೀಲಗಿರಿ, 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಕೋಲಾರ, ಮಾಲೂರಿನ ರಾಗಿ ಹೊಲಗಳಿಗೂ ಹಬ್ಬಿತು. ಬೇರು ಆಳಕ್ಕಿಳಿದು ನೆಲದ ತೇವ ಹೀರಿತು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಜಿಲ್ಲೆ ಇದು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು; ತಡವಾದರೂ ಸರಿಯಾದ ಆದೇಶ.

ಖಾಲಿ ಹಾಳೆಗಳಲ್ಲೂ ಹೀಗೆ ಮರ ಹೀರಿದ ನೀರಿದೆ. ಅವನ್ನು ಬಿಡಿಸಿ, ದಪ್ಪ ದಾರದಲ್ಲಿ ಹೊಲಿದರೆ ಲೆಕ್ಕ ಮಾಡಲು ರಫ್ ಪುಸ್ತಕ. ಮಕ್ಕಳೇ ಹೊಲಿಯಲಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಹಳೆಯ ಕ್ಯಾಲೆಂಡರ್ ಹಾಳೆ ಗಟ್ಟಿ. ನೀರಿಗೆ ಸ್ಟೀಲ್ ಬಾಟಲಿ. ಮರ ಉಳಿಸುವ ಜೊತೆಗೆ ಮರ ಬೆಳೆಸಲೂಬಹುದು: ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಈಗ ಮಾವಿನ ಓಟೆಗೆ ಬರವಿಲ್ಲ. ಕಸಕ್ಕೆಸೆಯದೆ ಮಕ್ಕಳ ಕೈಯಲ್ಲಿ ನೆಡಿಸಿ.