ತಗಡಿನಿಂದ ಕರಗಿದ ಔಷಧಿ



ಮರಾಠಿಯಲ್ಲಿ ಕರ್ಕರೋಗ, ನಮ್ಮ ಮಾತಿನಲ್ಲಿ ಕ್ಯಾನ್ಸರ್. ಮನೆಯಲ್ಲೋ ಓಣಿಯಲ್ಲೋ ಅದರ ರೋಗಿ ಇದ್ದರೆ ಔಷಧಿ ಚೀಟಿಯ ಮೇಲೆ 'ಸಿಸ್‌ಪ್ಲಾಟಿನ್' ಎಂಬ ಹೆಸರನ್ನು ನೀವು ಕಂಡಿರಬಹುದು. ಅದರಲ್ಲಿರುವುದು ಪ್ಲಾಟಿನಮ್, ಬಂಗಾರದ ಅಂಗಡಿಯಲ್ಲಿ ಉಂಗುರವಾಗಿ ಕೂತಿರುವ ಅದೇ ಬಿಳಿ ಲೋಹ. ಅದು ಮೈಯೊಳಗೆ ಹೋಗಿ ಮಾಡುವುದಾದರೂ ಏನು?

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಭೌತಶಾಸ್ತ್ರಜ್ಞರಿದ್ದರು. ಜೀವಕೋಶ ಒಂದು ಎರಡಾಗುವಾಗ ವಿದ್ಯುತ್ತು ಅದರ ಮೇಲೆ ಏನು ಪರಿಣಾಮ ಮಾಡೀತು ಎಂದು ನೋಡಲು, ಬ್ಯಾಕ್ಟೀರಿಯಾ ಬೆಳೆಯುವ ದ್ರವದಲ್ಲಿ ಪ್ಲಾಟಿನಮ್ ತಗಡು ಇಳಿಬಿಟ್ಟು ಕರೆಂಟು ಹರಿಸಿದರು. ಪ್ಲಾಟಿನಮ್ಮೇ ಏಕೆಂದರೆ, ಅದು ತುಕ್ಕು ಹಿಡಿಯದು, ಯಾವುದರೊಂದಿಗೂ ಬೆರೆಯದು ಎಂಬ ನಂಬಿಕೆ. ಬ್ಯಾಕ್ಟೀರಿಯಾಗಳು ಎರಡಾಗುವುದನ್ನು ಬಿಟ್ಟು ಶಾವಿಗೆಯ ಎಳೆಯಂತೆ ಉದ್ದುದ್ದ ಬೆಳೆದವು, 300 ಪಟ್ಟಿನವರೆಗೂ! ವಿದ್ಯುತ್ತಿನ ಪ್ರತಾಪ ಎಂದು ಬರೆದು ಸುಮ್ಮನಾಗಬಹುದಿತ್ತು. ಅವರು ಮತ್ತು ಅವರ ಸಂಗಡಿಗರು ಹಾಗೆ ಮಾಡಲಿಲ್ಲ. ಒಂದೊಂದೇ ಬಾಬು ತಾಳೆ ನೋಡುತ್ತ ಹೋದಾಗ ತಿಳಿದದ್ದು ಇದು: ತಗಡಿನಿಂದ ತುಸು ಪ್ಲಾಟಿನಮ್ ಕರಗಿ, ದ್ರವದಲ್ಲಿದ್ದ ಅಮೋನಿಯಾ, ಕ್ಲೋರಿನ್ನುಗಳೊಡನೆ ಕೂಡಿ ಬೇರೊಂದು ವಸ್ತುವಾಗಿತ್ತು. 1965ರಲ್ಲಿ ಈ ಕೆಲಸ ಪ್ರಕಟವಾಯಿತು. 1969ರ ಹೊತ್ತಿಗೆ ಇಲಿಗಳ ಗಡ್ಡೆ ಕರಗಿಸಿಯೂ ತೋರಿಸಿದರು.

ಸೋಜಿಗವೆಂದರೆ ವಸ್ತು ಹೊಸದಲ್ಲ. ಇಟಲಿಯ ಮಿಕೇಲೆ ಪೆಯ್ರೋನೆ 1845ರಲ್ಲಿಯೇ ಅದನ್ನು ತಯಾರಿಸಿದ್ದರು!

ಅದರಲ್ಲಿ ನಡುವೆ ಪ್ಲಾಟಿನಮ್, ಸುತ್ತ ಎರಡು ಕ್ಲೋರಿನ್, ಎರಡು ಅಮೋನಿಯಾ. ಕ್ಲೋರಿನ್ ಎರಡೂ ಒಂದೇ ಮಗ್ಗುಲಿಗಿದ್ದರೆ ಔಷಧಿ, ಎದುರುಬದುರಾದರೆ ನಿರುಪಯೋಗಿ. ಲೆಡ್ಜರ್ ಬರೆದು ಮುದುಕನಾದ ನನಗೆ 19ಕ್ಕೂ 91ಕ್ಕೂ ಇರುವ ಅಂತರವನ್ನು ಬೇರೆಯವರು ಹೇಳಬೇಕಿಲ್ಲ. ಕೋಶದೊಳಗೆ ಹೋದಾಗ ಕ್ಲೋರಿನ್ ಕಳಚಿ, ಪ್ಲಾಟಿನಮ್ ಡಿ.ಎನ್.ಎ. ಎಳೆಯನ್ನು ಎರಡು ಕಡೆ ಕಚ್ಚಿ ಬಗ್ಗಿಸುತ್ತದೆ. ಎಳೆಯ ನಕಲು ತೆಗೆಯಲಾಗದೆ ಕೋಶ ಸಾಯುತ್ತದೆ.

1978ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮಂಜೂರಾತಿ ಸಿಕ್ಕಿತು. ಮೈಯಲ್ಲಿ ಹರಡಿದ ವೃಷಣದ ಕ್ಯಾನ್ಸರ್ ಮೊದಲು ಬಹುತೇಕ ಮರಣವೇ ಆಗಿತ್ತು. ಈಗ ಈ ಔಷಧಿಯನ್ನು ಬೇರೆ ಔಷಧಿಗಳ ಜೊತೆ ಕೊಡುವುದರಿಂದ ಹೆಚ್ಚಿನವರು ಗುಣವಾಗುತ್ತಾರೆ.

ಆದರೆ ಇದು ಕಿಡ್ನಿಯನ್ನು ಹಿಂಡುತ್ತದೆ, ಕಿವಿಗೂ ಕೆಡುಕು. ತಾಸುಗಟ್ಟಲೆ ಸಲೈನ್ ಹಚ್ಚುವುದು ಆ ಕಿಡ್ನಿಯ ರಕ್ಷಣೆಗೆ, ಬಿಲ್ಲು ಬೆಳೆಸಲಿಕ್ಕಲ್ಲ. ಕಿಡ್ನಿಗೆ ಹಗುರವಾಗಲೆಂದು ಆಮೇಲೆ ಕಾರ್ಬೋಪ್ಲಾಟಿನ್ ಬಂತು. ಜಪಾನಿನಲ್ಲಿ ಹುಟ್ಟಿದ ಆಕ್ಸಾಲಿಪ್ಲಾಟಿನ್ ದೊಡ್ಡಕರುಳಿನ ಕ್ಯಾನ್ಸರಿಗೆ ನಡೆಯುತ್ತದೆ.

ಲೋಹವೇ ಔಷಧಿಯಾದರೆ ಭಸ್ಮವೇಕೆ ಬೇಡ ಎನ್ನುವವರು ನಿಮ್ಮ ಕಟ್ಟೆಗೂ ಬಂದಾರು. ಈ ಔಷಧಿ ಲೋಹದ ಪುಡಿಯಲ್ಲ. ಇದರ ಜೊತೆ ಭಸ್ಮವನ್ನಾಗಲಿ, ಮೈನೋವಿಗೆಂದು ಅಂಗಡಿಯ ಗುಳಿಗೆಯನ್ನಾಗಲಿ ವೈದ್ಯರನ್ನು ಕೇಳದೆ ನುಂಗಿದರೆ ಸೋತ ಕಿಡ್ನಿ ಪೂರಾ ಕೈಕೊಟ್ಟೀತು. ಮೂತ್ರ ಕಡಿಮೆಯಾದರೆ, ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ಕೈಕಾಲು ಜೋಮು ಹಿಡಿದರೆ, ಮುಂದಿನ ಇಂಜೆಕ್ಷನ್ನಿನ ತಾರೀಖಿನವರೆಗೆ ಕಾಯಬೇಡಿರಿ. ಅಂದೇ ದವಾಖಾನೆಗೆ ತಿಳಿಸಿರಿ.