ಮಗುವಿಗೊಂದು ಪ್ರತ್ಯೇಕ ಬಟ್ಟಲು



ಮಲಪ್ರಭೆಯ ದಂಡೆಯ ಮೇಲಿನ ಈ ಶಿವಯೋಗ ಮಂದಿರವನ್ನು 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಸ್ಥಾಪಿಸಿದರೆಂಬುದು ತಮಗೆ ತಿಳಿದ ವಿಷಯ. ಇಲ್ಲಿಗೆ ಸಮೀಪದ ಬನಶಂಕರಿಯಲ್ಲಿ ಪಲ್ಲೇದ ಹಬ್ಬದಂದು ದೇವಿಗೆ 108 ಬಗೆಯ ಕಾಯಿಪಲ್ಯಗಳ ನೈವೇದ್ಯವಾಗುತ್ತದೆ. ಇಂಥ ಸೀಮೆಯಲ್ಲಿಯೂ, ಜೋಳದ ಚೀಲಗಳಿರುವ ಮನೆಯಲ್ಲಿಯೂ, ಮಗು ಸೊರಗುವುದುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇಕಡಾ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದಕ್ಕೆ ಬಡತನವೊಂದೇ ಕಾರಣವಲ್ಲ.

ಹೆರಿಗೆಯಾದೊಡನೆ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲದೆ ಮಗುವಿಗೆ ಕುಡಿಸಬೇಕು. ಆರು ತಿಂಗಳವರೆಗೆ ತಾಯಿಯ ಹಾಲೇ ಸಾಕು, ನೀರೂ ಬೇಡ. ತೊಡಕು ಹುಟ್ಟುವುದು ಅನಂತರ. ಹುಟ್ಟಿದಾಗಿನ ತೂಕ ಸುಮಾರು ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಈ ಬೆಳವಣಿಗೆಗೆ ಆರು ತಿಂಗಳ ಮೇಲೆ ಎದೆಹಾಲೊಂದೇ ಸಾಲದು. ಆದರೆ ಮಗುವಿಗೆ ದೊರೆಯುವುದೇನು? ಹಿರಿಯರ ತಾಟಿನಿಂದ ಮುರಿದ ಒಂದು ತುಣುಕು ರೊಟ್ಟಿ, ಇಲ್ಲವೆ ನೀರಾದ ಅಂಬಲಿ. ತಾಯಿ ಕಳೆ ತೆಗೆಯಲು ಹೊಲಕ್ಕೆ ಹೋಗಿರುತ್ತಾಳೆ. ಮಗು ಅಜ್ಜಿಯ ಇಲ್ಲವೆ ಅಕ್ಕನ ಮಡಿಲಲ್ಲಿರುತ್ತದೆ. ಅದರ ಹೊಟ್ಟೆ ಅಂಗೈಯಷ್ಟು. ತೆಳ್ಳನೆಯ ಅಂಬಲಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಆದುದರಿಂದ ಮಗುವಿಗೆ ಒಂದು ಪ್ರತ್ಯೇಕ ಬಟ್ಟಲನ್ನು ಇಡಿರಿ. ಎಲ್ಲರೊಡನೆ ತಿಂದಿತು ಎಂದರೆ ಎಷ್ಟು ತಿಂದಿತೆಂಬುದು ಯಾರಿಗೂ ತಿಳಿಯದು. ಬಟ್ಟಲಿದ್ದರೆ ಹೊಲದಿಂದ ಬಂದ ತಂದೆಗೂ ಕಾಣುತ್ತದೆ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತನೆಯ ತಿಂಗಳಿನಿಂದ ಮೂರು ನಾಲ್ಕು ಸಲ ಉಣಿಸಿ, ನಡುವೆ ಬಾಳೆಹಣ್ಣಿನಂಥದೇನಾದರೂ ಕೊಡಬೇಕು. ಎರಡು ವರ್ಷದವರೆಗೂ ಮೊಲೆಹಾಲು ಬಿಡಿಸಬಾರದು.

ಬಟ್ಟಲಿಗೆ ಹಾಕುವುದನ್ನು ಪೇಟೆಯಿಂದ ತರಬೇಕಾಗಿಲ್ಲ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳುಗಳಲ್ಲಿ ಅದು ಧಾರಾಳ. ಇವೆರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಾಲ್ಕು ಪಾಲು ಜೋಳ, ಎರಡು ಪಾಲು ಹೆಸರುಬೇಳೆ, ಒಂದು ಪಾಲು ಶೇಂಗಾ ಇವುಗಳನ್ನು ಬೇರೆ ಬೇರೆಯಾಗಿ ಹುರಿದು, ನುಣ್ಣಗೆ ಬೀಸಿ, ಮುಚ್ಚಳದ ಡಬ್ಬಿಯಲ್ಲಿಡಿರಿ. ಬೂಸ್ಟು ಹಿಡಿದ ಶೇಂಗಾ ವಿಷಕಾರಿ. ಅದನ್ನು ಆರಿಸಿ ಎಸೆಯಬೇಕು. ಈ ಹಿಟ್ಟನ್ನು ಚಮಚದಿಂದ ಜಾರಿ ಬೀಳದಷ್ಟು ಗಟ್ಟಿಯಾಗಿ ಬೇಯಿಸಿ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಬೆರೆಸಿರಿ. ಮೆಂತ್ಯೆ, ರಾಜಗಿರಿ, ನುಗ್ಗೆ ಸೊಪ್ಪುಗಳಲ್ಲಿ ಯಾವುದಾದರೊಂದನ್ನು ಬೇಯಿಸಿ ಹಿಸುಕಿ ಕೂಡಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಚಹ ಅದನ್ನು ತಡೆಯುತ್ತದೆ. ಅಳುವ ಮಗುವಿಗೆ ಚಹದಲ್ಲಿ ಬಿಸ್ಕೀಟು ಅದ್ದಿ ಕೊಡುವ ಈಚಿನ ರೂಢಿಯನ್ನು ನಾನಂತೂ ಒಪ್ಪಲಾರೆ. ತತ್ತಿ ತಿನ್ನುವ ಮನೆಯವರು ತತ್ತಿ ಕೊಡಲಿ. ತಿನ್ನದವರು ಹಾಲು, ಮೊಸರು, ಬೇಳೆಗಳನ್ನು ಹೆಚ್ಚಿಸಲಿ.

ಇನ್ನೊಂದು ಮಾತು ಗಂಡಹೆಂಡಿರಿಬ್ಬರಿಗೂ ಸೇರಿದ್ದು. ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಇಂದಿನ ಘಾನಾ ದೇಶದಲ್ಲಿ ಕೈಕಾಲು ಬಾತ ಮಕ್ಕಳನ್ನು ಪರೀಕ್ಷಿಸಿ, ಆ ರೋಗಕ್ಕೆ ಅಲ್ಲಿಯ ಜನರಿಟ್ಟಿದ್ದ ಕ್ವಾಷಿಯೋರ್ಕರ್ ಎಂಬ ಹೆಸರನ್ನೇ 1935ರಲ್ಲಿ ವೈದ್ಯಲೋಕಕ್ಕೆ ತಿಳಿಸಿದರು. ಮುಂದಿನ ಕೂಸು ಬಂದಾಗ ಹಿಂದಿನ ಕೂಸಿಗೆ ತಗಲುವ ರೋಗವೆಂಬುದು ಅದರ ಅರ್ಥ. ಎದೆಯಿಂದ ದೂರವಾದ ಆ ಹಿಂದಿನ ಕೂಸು ನಮ್ಮ ಓಣಿಗಳಲ್ಲಿಯೂ ಇದೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿದ್ದರೆ ಅದು ತನ್ನ ಪಾಲಿನ ಹಾಲನ್ನು ಪೂರ್ತಿ ಉಣ್ಣುತ್ತದೆ. ಅಂತರಕ್ಕೆ ತಕ್ಕ ಉಪಾಯಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಂಪತಿಗಳಿಬ್ಬರೂ ಕೂಡಿ ಕೇಳಬಹುದು.

ಪ್ರತಿ ತಿಂಗಳು ಅಂಗನವಾಡಿಯಲ್ಲಿ ಮಗುವನ್ನು ತೂಗಿಸಿರಿ. ಆರು ತಿಂಗಳು ದಾಟಿದ ಮಗುವಿನ ತೋಳಿಗೆ ಅಲ್ಲಿ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾರೆ. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದು ಕೆಂಪು ಬಣ್ಣ ಕಂಡರೆ, ಮಗು ಆಡಿಕೊಂಡಿದೆಯೆಂದು ತಡಮಾಡದೆ ಅಂದೇ ವೈದ್ಯರಿಗೆ ತೋರಿಸಬೇಕು. ಅವರು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಿದರೆ ತಾಯಿಯೂ ಸುಮಾರು ಎರಡು ವಾರ ಮಗುವಿನೊಡನೆ ಅಲ್ಲಿಯೇ ಉಳಿಯಬೇಕಾಗುತ್ತದೆ. ಆ ದಿನಗಳಲ್ಲಿ ಮನೆಯನ್ನು, ಉಳಿದ ಮಕ್ಕಳನ್ನು, ದನಕರುಗಳನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಗಂಡಹೆಂಡಿರು ಅದೇ ಸಂಜೆ ಕುಳಿತು ಗೊತ್ತುಮಾಡಿಕೊಳ್ಳಬೇಕು.