ದುಡಿಯುತ್ತಾ ಓದುವವರೇ, ನಿಮ್ಮ ತೆರಿಗೆ ಲೆಕ್ಕ ನೀವೇ ನೋಡಿ!

(ನೌಕರಿಯಲ್ಲಿರುವ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಬೆಂಗಳೂರಿನಲ್ಲಿ ಕೆಲಸ ಸಿಗುವುದು ಒಂದು ಕಷ್ಟ. ಸಿಕ್ಕ ಕೆಲಸ ಉಳಿಸಿಕೊಳ್ಳುವುದು ಇನ್ನೊಂದು ಕಷ್ಟ. ಅದಕ್ಕೇ ನಿಮ್ಮಲ್ಲಿ ಎಷ್ಟೋ ಜನ ಹಗಲು ದುಡಿದು ರಾತ್ರಿ ಓದುತ್ತಿದ್ದೀರಿ. ಸಂಜೆ ಕಾಲೇಜಿನ ಎಂಬಿಎ, ದೂರಶಿಕ್ಷಣದ ಎಂಕಾಂ, ಶನಿವಾರ ಭಾನುವಾರದ ಕಂಪ್ಯೂಟರ್ ಕೋರ್ಸು. ಶುಲ್ಕ ಹೋಗುವುದು ಯಾರ ಜೇಬಿನಿಂದ? ನಿಮ್ಮದೇ. ಆ ಜೇಬಿಗೆ ಬಂದ ಸಂಬಳಕ್ಕೆ ತೆರಿಗೆ ಕಟ್ಟಿದವರು ಯಾರು? ನೀವೇ!

ಹಾಗಾದರೆ ಕೆಲಸಕ್ಕಾಗಿಯೇ ಓದಿದ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದೇ? ಉತ್ತರ ಎಲ್ಲರಿಗೂ ಒಂದೇ ಅಲ್ಲ. ನಿಮ್ಮ ಬಾಗಿಲು ಯಾವುದು ಎಂದು ತಿಳಿಯದೆ ಬೇರೆಯವರ ಬಾಗಿಲು ತಟ್ಟಿದರೆ ಹಣವೂ ಹೋಗುತ್ತದೆ, ನೋಟೀಸೂ ಬರುತ್ತದೆ.

ಮೊದಲು ಕಹಿ ಸತ್ಯ. ಸಂಬಳದವನು ತನ್ನ ಕೈಯಿಂದ ಕಟ್ಟಿದ ಕೋರ್ಸಿನ ಶುಲ್ಕಕ್ಕೆ ನಮ್ಮ ಕಾಯ್ದೆಯಲ್ಲಿ ಕಡಿತವೇ ಇಲ್ಲ. 80ಸಿ ಕಲಮಿನಲ್ಲಿ ಟ್ಯೂಷನ್ ಶುಲ್ಕ ಇದೆಯಲ್ಲ ಎನ್ನುತ್ತೀರಿ. ಇದೆ, ಆದರೆ ಅದು ಮಕ್ಕಳ ಓದಿಗೆ, ಅದೂ ಇಬ್ಬರು ಮಕ್ಕಳಿಗೆ ಮಾತ್ರ. ನಿಮ್ಮ ಸ್ವಂತ ಓದಿನ ರಸೀದಿ ಅಲ್ಲಿ ನಡೆಯುವುದಿಲ್ಲ.

ಮೊದಲಿನಿಂದಲೂ ಹೀಗೇ ಇತ್ತೇ? ಇಲ್ಲ! 1961ರ ಆದಾಯ ತೆರಿಗೆ ಕಾಯ್ದೆ ಹುಟ್ಟಿದಾಗ ಅದರ 16ನೇ ಕಲಮಿನಲ್ಲಿ ನೌಕರನ ಪುಸ್ತಕಕ್ಕೂ ಒಂದು ಜಾಗವಿತ್ತು. ಕೆಲಸಕ್ಕೆ ಅಗತ್ಯವಾದ ಪುಸ್ತಕ ಕೊಂಡರೆ 500 ರೂಪಾಯಿಯವರೆಗೆ ಸಂಬಳದಲ್ಲಿ ಕಳೆಯಬಹುದಿತ್ತು. 1974ರ ಹಣಕಾಸು ಕಾಯ್ದೆ ಇಂಥ ಬಿಡಿ ಕಡಿತಗಳನ್ನು ತೆಗೆದು, ಎಲ್ಲರಿಗೂ ಒಂದೇ ಅಳತೆಯ 'ಸ್ಟ್ಯಾಂಡರ್ಡ್ ಡಿಡಕ್ಷನ್' ತಂದಿತು. 2005ರಲ್ಲಿ ಅದನ್ನೂ ಕಿತ್ತುಕೊಂಡರು. 2018ರಲ್ಲಿ 40 ಸಾವಿರವೆಂದು ಮತ್ತೆ ಕೊಟ್ಟರು. ಹಳೆಯ ಪದ್ಧತಿಯಲ್ಲಿ ಅದು 50 ಸಾವಿರ, ಹೊಸ ಪದ್ಧತಿಯಲ್ಲಿ 75 ಸಾವಿರ. ಓದಿದವನಿಗೂ ಅಷ್ಟೇ, ಓದದವನಿಗೂ ಅಷ್ಟೇ!

ಹಾಗೆಂದು ಕೈಚೆಲ್ಲಿ ಕೂರಬೇಡಿ. ಮೂರು ಬಾಗಿಲು ತೆರೆದಿವೆ.

ಒಂದನೆಯದು, ಕಂಪನಿಯ ಬಾಗಿಲು. ನಿಮ್ಮ ಕೆಲಸಕ್ಕೆ ಬೇಕಾದ ತರಬೇತಿಯ ವೆಚ್ಚವನ್ನು ಮಾಲೀಕರೇ ಭರಿಸಿದರೆ ಅದು ಸಾಮಾನ್ಯವಾಗಿ ನಿಮ್ಮ ಸಂಬಳಕ್ಕೆ ಸೇರುವುದಿಲ್ಲ, ತೆರಿಗೆಯೂ ಬೀಳುವುದಿಲ್ಲ. ಕಂಪನಿಗೆ ಅದು ವ್ಯಾಪಾರದ ಖರ್ಚು. ಅದೇ ಕೋರ್ಸಿಗೆ ಸಂಬಳದಿಂದ ನೀವು ಕಟ್ಟಿದರೆ ಕಡಿತ ಸೊನ್ನೆ. ಆದ್ದರಿಂದ ಶುಲ್ಕ ಕಟ್ಟುವ ಮುಂಚೆ ಕೇಳಿ, ಕಟ್ಟಿದ ಮೇಲೆ ಅಲ್ಲ. ಈ ಕೋರ್ಸು ನನ್ನ ಈಗಿನ ಕೆಲಸಕ್ಕೆ ಹೇಗೆ ಬೇಕು ಎಂದು ಒಂದು ಪುಟ ಬರೆದು ಮೇಲಿನವರಿಗೆ ಕೊಡಿ. ಕೇಳುವುದಕ್ಕೆ ಸಂಕೋಚವೇಕೆ? ಆದರೆ ಹಣ ಕೊಟ್ಟು ಬಾಂಡ್ ಮುಂದಿಟ್ಟರೆ, ಎಷ್ಟು ವರ್ಷ, ಬಿಟ್ಟು ಹೋದರೆ ಎಷ್ಟು ದಂಡ, ಎರಡನ್ನೂ ಓದದೆ ಸಹಿ ಹಾಕಬೇಡಿ.

ಎರಡನೆಯದು, ಸ್ವಂತ ದುಡಿಮೆಯವರ ಬಾಗಿಲು. ವಕೀಲರು, ವಿನ್ಯಾಸಕಾರರು, ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡಿಕೊಡುವವರು ಇಲ್ಲಿ ಬರುತ್ತೀರಿ. ಪೂರ್ತಿಯಾಗಿ ವೃತ್ತಿಗಾಗಿಯೇ ಮಾಡಿದ ಖರ್ಚನ್ನು 37ನೇ ಕಲಮಿನಂತೆ ಕಳೆಯಬಹುದು. ಈಗಿನ ಗಿರಾಕಿಗಳ ಕೆಲಸಕ್ಕೆಂದು ಹೊಸ ಸಾಫ್ಟ್‌ವೇರ್ ಕಲಿತರೆ ಆ ಶುಲ್ಕ ವೃತ್ತಿಯ ಖರ್ಚು. ಈ ವೃತ್ತಿ ಬಿಟ್ಟು ಇನ್ನೊಂದಕ್ಕೆ ಹಾರಲು ಓದಿದರೆ ಆ ವಾದ ನಿಲ್ಲುವುದು ಕಷ್ಟ. ಇನ್ನೊಂದು ಎಚ್ಚರಿಕೆ: 44ಎಡಿಎ ಕಲಮಿನಲ್ಲಿ ಅರ್ಧ ಆದಾಯವನ್ನೇ ಲಾಭವೆಂದು ತೋರಿಸುವವರು ಕೋರ್ಸಿನ ಖರ್ಚನ್ನು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ.

ಮೂರನೆಯದು, ಸಾಲದ ಬಾಗಿಲು. ನಿಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇದೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಕಲಂ 80ಇ. ಪಿಯುಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾದ ಮೇಲಿನ ಓದಿಗೆ ತೆಗೆದ ಸಾಲದ ಬಡ್ಡಿಗೆ ಕಡಿತ. ಅಸಲಿಗೆ ಇಲ್ಲ, ಬಡ್ಡಿಗೆ ಮಾತ್ರ. ಆದರೆ ಬಡ್ಡಿಗೆ ಮಿತಿ ಇಲ್ಲ. ನಿಮ್ಮ ಓದಿಗಾಗಲಿ, ಗಂಡ, ಹೆಂಡತಿ, ಮಕ್ಕಳ ಓದಿಗಾಗಲಿ ನಡೆಯುತ್ತದೆ. ತಮ್ಮ ತಂಗಿಯರ ಓದಿಗೆ ಅಣ್ಣ ಸಾಲ ಮಾಡಿದರೆ ನಡೆಯುವುದಿಲ್ಲ.

ಎಡವುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಸಾಲ ಬ್ಯಾಂಕಿನದ್ದೋ, ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆಯದ್ದೋ, ಅನುಮೋದಿತ ಧರ್ಮಾರ್ಥ ಸಂಸ್ಥೆಯದ್ದೋ ಆಗಿರಬೇಕು. ಮಾವನ ಕೈಸಾಲ, ಮಾಲೀಕರ ಮುಂಗಡ ನಡೆಯುವುದಿಲ್ಲ. ಕೋರ್ಸು ಮಾರುವವರು 'ಸುಲಭ ಕಂತು' ಎಂದು ತೋರಿಸುವ ಸಾಲ ಯಾರದ್ದು, ಅದು ಶಿಕ್ಷಣ ಸಾಲವೆಂದೇ ಕಾಗದದಲ್ಲಿದೆಯೇ ಎಂದು ಕೇಳಿ. ಸಾಲ ಅಪ್ಪನೊಬ್ಬರ ಹೆಸರಿನಲ್ಲಿದ್ದು ಕಂತು ನೀವು ಕಟ್ಟಿದರೆ ಕಡಿತ ನಿಮಗೆ ಸಿಗುವುದಿಲ್ಲ. ಇನ್ನು ಕಾಲಾವಧಿ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷ ಮತ್ತು ಅದರ ಮುಂದಿನ 7 ವರ್ಷ, ಒಟ್ಟು 8. ಆದಾಯವೇ ಇಲ್ಲದ ವಿದ್ಯಾರ್ಥಿ ದೆಸೆಯಲ್ಲೇ ಬಡ್ಡಿ ಕಟ್ಟತೊಡಗಿದರೆ ಈ ಎಣಿಕೆ ಅಂದೇ ಶುರು.

ಈಗ ಯಾರೂ ಬಿಡಿಸಿ ಹೇಳದ ಮಾತು. ಈ 80ಇ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಉಂಟು. 2023-24ರಿಂದ ನೀವು ಬೇಡವೆನ್ನದಿದ್ದರೆ ಹೊಸ ಪದ್ಧತಿಯೇ ತಾನಾಗಿ ಅನ್ವಯ. ಹಾಗಾದರೆ ಎಲ್ಲರೂ ಹಳೆಯದಕ್ಕೆ ಓಡಬೇಕೇ? ಬೇಡ! 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ 12 ಲಕ್ಷ 75 ಸಾವಿರದವರೆಗಿನ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ. ಅದಕ್ಕಿಂತ ಕಡಿಮೆ ಸಂಬಳದವರಿಗೆ ಬಡ್ಡಿಯ ಕಡಿತದಿಂದ ಏನೂ ಹೆಚ್ಚು ಸಿಗುವುದಿಲ್ಲ.

ಸಂಬಳ 15 ಲಕ್ಷ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 97,500 ರೂಪಾಯಿ. ಹಳೆಯದರಲ್ಲೂ ಅಷ್ಟಕ್ಕೇ ಇಳಿಯಬೇಕಾದರೆ ಎಲ್ಲಾ ಕಡಿತಗಳೂ ಸೇರಿ 5,93,750 ರೂಪಾಯಿ ಆಗಬೇಕು. 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ ಒಂದೂವರೆ ಲಕ್ಷ ಹೋದರೆ ಉಳಿದ 3,93,750 ಮನೆ ಬಾಡಿಗೆ ಭತ್ಯೆ ಮತ್ತು ಸಾಲದ ಬಡ್ಡಿಯಂಥವುಗಳಿಂದ ಬರಬೇಕು. ಬರುತ್ತದೆಯೇ? ಹಳೆಯದು ಆರಿಸಿ. ಬರುವುದಿಲ್ಲವೇ? ಹೊಸದರಲ್ಲೇ ಇರಿ. ವ್ಯಾಪಾರ, ವೃತ್ತಿಯ ಆದಾಯವಿಲ್ಲದ ಸಂಬಳದವರು ಕೊನೆಯ ದಿನಾಂಕದೊಳಗೆ ರಿಟರ್ನ್ ಸಲ್ಲಿಸುವಾಗ ವರ್ಷ ವರ್ಷವೂ ಬದಲಿಸಬಹುದು. ಆಫೀಸಿನಲ್ಲಿ ಮೊದಲು ಏನು ಬರೆದುಕೊಟ್ಟಿದ್ದರೂ ಸರಿ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ, ಎರಡು ಪದ್ಧತಿಗಳು ಮಾತ್ರ ಹಾಗೆಯೇ ಇವೆ.

"ನಾನು ರೀಫಂಡ್ ಕೊಡಿಸುತ್ತೇನೆ, ಇಷ್ಟು ಕಮಿಷನ್ ಕೊಡಿ" ಎನ್ನುವವರಿಗೆ ಕೈಮುಗಿದು ಕಳಿಸಿ. ಇಲ್ಲದ ಸಾಲಕ್ಕೆ ಬಡ್ಡಿ ತೋರಿಸಿ 80ಇ ಬರೆಯುವ ಚಾಳಿ ಇಲಾಖೆಯ ಕಣ್ಣಿಗೆ ಬಿದ್ದಿದೆ. 2025ರ ಜುಲೈನಲ್ಲಿ ದೇಶದಾದ್ಯಂತ ತಪಾಸಣೆ ನಡೆಯಿತು. ಸುಳ್ಳು ಲೆಕ್ಕಕ್ಕೆ ದಂಡ ತಪ್ಪಿಸಿದ ತೆರಿಗೆಯ 200 ಶೇಕಡಾ. ಕಮಿಷನ್ ತಿಂದವನು ದಂಡ ಕಟ್ಟುವುದಿಲ್ಲ, ಸಹಿ ಹಾಕಿದ ನೀವು ಕಟ್ಟುತ್ತೀರಿ. ಸಾಲ ಮಂಜೂರಾತಿ ಪತ್ರ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಶುಲ್ಕದ ರಸೀದಿ, ಫಾರಂ 16, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಕಾಗದ ಇಂಗ್ಲಿಷಿನಲ್ಲಿದೆ ಎಂದು ಓದದೆ ಮಡಚಬೇಡಿ. ಸಾಲುಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿ.

ಕೊನೆಯ ಮಾತು. ಆಸ್ಟ್ರೇಲಿಯಾದಲ್ಲಿ ಒಬ್ಬ ಸರ್ಕಾರಿ ವಾಸ್ತುಶಿಲ್ಪಿ ವಿದೇಶ ಸುತ್ತಿ ಕಟ್ಟಡಗಳನ್ನು ಅಭ್ಯಾಸ ಮಾಡಿ ಬಂದ. ಆ ಖರ್ಚನ್ನು ತೆರಿಗೆಯಲ್ಲಿ ಕಳೆಯಬಹುದೆಂದು ಅಲ್ಲಿನ ಹೈಕೋರ್ಟ್ 1961ರಲ್ಲಿ ತೀರ್ಪು ಕೊಟ್ಟಿತು. ಈಗಿನ ಕೆಲಸದ ಕೌಶಲ ಹೆಚ್ಚಿಸುವ ಓದಿಗೆ ಅಲ್ಲಿ ಇಂದಿಗೂ ಕಡಿತವಿದೆ. ನಮ್ಮ ಕಾಯ್ದೆ ಹುಟ್ಟಿದ್ದೂ ಅದೇ 1961ರಲ್ಲಿ. ನಮ್ಮ ನೌಕರನಿಗಿದ್ದ 500 ರೂಪಾಯಿಯ ಪುಸ್ತಕವನ್ನೂ ನಾವು ಕಳೆದುಕೊಂಡೆವು!

ಕಂಪನಿ ಕಲಿಸಿದರೆ ಖರ್ಚು, ಸ್ವಂತ ವೃತ್ತಿಯವನು ಕಲಿತರೆ ಖರ್ಚು, ನೌಕರ ತಾನೇ ಕಲಿತರೆ ಮಾತ್ರ ಶೋಕಿಯೇ? ಪ್ರತಿ ಬಜೆಟ್ಟಿಗೆ ಮುಂಚೆ ಈ ಪ್ರಶ್ನೆಯನ್ನು ನಿಮ್ಮ ಸಂಸದರ ಮುಂದಿಡಿ, ಹಣಕಾಸು ಸಚಿವಾಲಯಕ್ಕೆ ಬರೆಯಿರಿ. ಅದು ಸಿಗುವ ತನಕ, ಸಿಕ್ಕಿರುವ ಒಂದು ರೂಪಾಯಿಯನ್ನೂ ಬಿಟ್ಟುಕೊಡಬೇಡಿ, ಸುಳ್ಳಿನ ಒಂದು ರೂಪಾಯಿಯನ್ನೂ ಬರೆಯಬೇಡಿ.